ಅಂಜದೆ ಓದುವ ಮಕ್ಕಳು

(ಶ್ರಾವಣ ಮಾಸದ ಪುರಾಣ ಪ್ರವಚನದ ಹನ್ನೊಂದನೆಯ ದಿನ ಶ್ರೀಮಠದಲ್ಲಿ ಪೂಜ್ಯ ಶ್ರೀಗಳು ದಯಪಾಲಿಸಿದ ಆಶೀರ್ವಚನ)



ಹತ್ತು ದಿವಸಗಳಿಂದ ಈ ಅಂಗಳದಲ್ಲಿ ಪುರಾಣ ನಡೆದಿದೆ. ಒಬ್ಬರು ಪದ್ಯವನ್ನು ರಾಗವಾಗಿ ಓದುತ್ತಾರೆ, ಶಾಸ್ತ್ರಿಗಳು ಅದನ್ನು ಬಿಡಿಸಿ ಅರ್ಥ ಹೇಳುತ್ತಾರೆ, ನೀವೆಲ್ಲ ಕೇಳಿ ತಲೆದೂಗುತ್ತೀರಿ. ಮೊನ್ನೆ ಪ್ರಸಾದದ ನಂತರ ಊರಿನ ಹಿರಿಯರೊಬ್ಬರು ಬಂದು, “ಅಜ್ಜಾರ, ಕೇಳಾವರು ಇನ್ನೂ ಅದಾರ, ಆದರ ಇನ್ನ ಹತ್ತು ವರ್ಷಕ್ಕ ಓದಾವರು ಸಿಗತಾರೇನ್ರಿ?” ಎಂದು ಕೇಳಿದರು. ಆ ಪ್ರಶ್ನೆ ನಮ್ಮ ಮನಸ್ಸಿನಲ್ಲಿ ಕುಳಿತುಬಿಟ್ಟಿದೆ. ಆದುದರಿಂದ ಈ ದಿನ ಕಥಾಭಾಗಕ್ಕೆ ಹೋಗುವ ಮುನ್ನ ಮಕ್ಕಳ ಓದಿನ ವಿಷಯವಾಗಿ ಸ್ವಲ್ಪ ಮಾತನಾಡಬೇಕೆಂದು ನಿಶ್ಚಯಿಸಿದ್ದೇವೆ.

ನಮ್ಮಲ್ಲಿ ಈಗ ಶಾಲೆಗೆ ಹೋಗದ ಮಕ್ಕಳು ತೀರ ವಿರಳ. ಅದು ಸಂತೋಷದ ಮಾತೇ. ಆದರೆ ಶಾಲೆಗೆ ಹೋಗುವುದು ಬೇರೆ, ಓದು ಬರುವುದು ಬೇರೆ. ಐದನೆಯ ಇಯತ್ತೆ, ಆರನೆಯ ಇಯತ್ತೆಯ ಮಕ್ಕಳ ಕೈಯಲ್ಲಿ ಅವರು ನೋಡಿರದ ಒಂದು ಸಣ್ಣ ಕಥೆಯ ಪುಸ್ತಕ ಕೊಟ್ಟು ಓದು ಎಂದರೆ ಅನೇಕರು ಅಕ್ಷರ ಅಕ್ಷರ ಕೂಡಿಸುತ್ತ ನಿಲ್ಲುತ್ತಾರೆ. ಕೆಲವರು ಬಾಯಿಯನ್ನೇ ತೆರೆಯುವುದಿಲ್ಲ. ಕೊರೋನಾ ರೋಗದ ಕಾರಣ 2020ರ ಮಾರ್ಚ್ ತಿಂಗಳಲ್ಲಿ ಮುಚ್ಚಿದ ಶಾಲೆಗಳು ಒಂದರಿಂದ ಐದನೆಯ ಇಯತ್ತೆಯ ಮಕ್ಕಳಿಗೆ ಪುನಃ ತೆರೆದದ್ದು 2021ರ ಅಕ್ಟೋಬರ್ ಕೊನೆಗೆ. ಅಕ್ಷರ ಕೂಡುವ ವಯಸ್ಸಿನಲ್ಲಿಯೇ ಒಂದೂವರೆ ವರ್ಷ ಹೋಯಿತು. 2022ರಲ್ಲಿ ಹಳ್ಳಿಗಳಲ್ಲಿ ನಡೆಸಿದ ‘ಅಸರ್’ ಸಮೀಕ್ಷೆಯಲ್ಲಿ, ನಮ್ಮ ರಾಜ್ಯದ ಮೂರನೆಯ ಇಯತ್ತೆಯ ನೂರು ಮಕ್ಕಳಲ್ಲಿ ಎರಡನೆಯ ಇಯತ್ತೆಯ ಪಾಠವನ್ನು ಓದಬಲ್ಲವರು ಹತ್ತು ಮಂದಿಯೂ ಇರಲಿಲ್ಲ. ಸರ್ಕಾರ 2022-23ನೆಯ ವರ್ಷವನ್ನು ‘ಕಲಿಕಾ ಚೇತರಿಕೆ’ಯ ವರ್ಷವೆಂದು ಕರೆದು ಹಿಂದಿನ ಇಯತ್ತೆಗಳ ಪಾಠವನ್ನು ತುಂಬಿಕೊಡುವ ಯತ್ನ ಮಾಡಿತು. ಆದರೆ ರೋಗದ ಮೇಲೆಯೇ ಎಲ್ಲವನ್ನೂ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ. ಅದಕ್ಕಿಂತ ಮೊದಲೂ ಹಿಂದಿನ ಸಾಲಿನಲ್ಲಿ ತಲೆತಗ್ಗಿಸಿ ಕುಳಿತ ಮಕ್ಕಳು ಇದ್ದರು.

ಅಂಥ ಒಬ್ಬ ಹುಡುಗನ ಸಂಗತಿ ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ಒಬ್ಬ ಒಕ್ಕಲಿಗ ತನ್ನ ಮಗನನ್ನು ಕರೆದುಕೊಂಡು ಮಠಕ್ಕೆ ಬಂದ. ಕೈಯಲ್ಲಿ ಹೊಲದ ಉತಾರ ಇತ್ತು. “ಅಜ್ಜಾರ, ನನಗಂತೂ ಹೆಬ್ಬೆಟ್ಟು. ಇಂವ ಏಳನೇತ್ತೆ ಅದಾನ. ಇದರಾಗ ಏನ ಬರದಾರ ಅಂತ ಕೇಳಿದರ ಬಾಯಿ ಬಿಡವೊಲ್ಲ. ಸೊಕ್ಕು ನೋಡ್ರಿ ಇವಗ” ಎಂದ. ಹುಡುಗ ನೆಲ ನೋಡುತ್ತಿದ್ದ. ಅದು ಸೊಕ್ಕಲ್ಲವೆಂದು ಅವನ ಮುಖವೇ ಹೇಳುತ್ತಿತ್ತು. ಅವನಿಗೆ ಓದು ಬರುತ್ತಿರಲಿಲ್ಲ, ಅಷ್ಟೇ. ಬರುವುದಿಲ್ಲ ಎಂದು ಅಪ್ಪನ ಮುಂದೆ ಹೇಳುವುದಕ್ಕಿಂತ ಸೊಕ್ಕಿನವನು ಎನ್ನಿಸಿಕೊಳ್ಳುವುದೇ ಅವನಿಗೆ ಮೇಲೆನಿಸಿತ್ತು.

ಮುಂದೆ ಆ ಹುಡುಗ ನಮ್ಮ ಪ್ರಸಾದ ನಿಲಯದಲ್ಲಿಯೇ ಉಳಿದ. ಆಗ ತಿಳಿದು ಬಂತು, ಆರು ವರ್ಷ ಅವನು ಹೇಗೆ ದಾಟಿಸಿಕೊಂಡು ಬಂದಿದ್ದನೆಂದು. ಪಾಠವನ್ನು ಗೆಳೆಯನ ಬಾಯಿಂದ ಎರಡು ಸಲ ಕೇಳಿ ಪೂರ್ತಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದ. ಗುರುಗಳು ಓದಲು ಎಬ್ಬಿಸಿದರೆ ಪುಸ್ತಕ ಹಿಡಿದುಕೊಂಡು, ಸರಿಯಾದ ಹೊತ್ತಿಗೆ ಹಾಳೆ ತಿರುವಿ, ನೆನಪಿನಿಂದ ಹೇಳುತ್ತಿದ್ದ. ಹೊಸ ಪಾಠ ಬಂದ ದಿನ ಹೊಟ್ಟೆನೋವು. ನೀವೇ ವಿಚಾರ ಮಾಡಿರಿ, ಇಷ್ಟೆಲ್ಲ ಉಪಾಯ ಕಂಡುಹಿಡಿದವನು ದಡ್ಡನಾಗಲು ಸಾಧ್ಯವೇ? ಓದು ಕಲಿಯಲು ಬೇಕಾದುದಕ್ಕಿಂತ ಹೆಚ್ಚಿನ ಬುದ್ಧಿಯನ್ನು ಓದು ಬರುವುದಿಲ್ಲವೆಂಬುದನ್ನು ಮುಚ್ಚಿಡುವುದಕ್ಕೆ ಅವನು ಖರ್ಚು ಮಾಡಿದ್ದ.

ನಿವೃತ್ತರಾದ ಒಬ್ಬ ಮಾಸ್ತರರು ಆಗ ಮಠಕ್ಕೆ ನಿತ್ಯ ಬರುತ್ತಿದ್ದರು. ಅವರು ಆ ಹುಡುಗನನ್ನು ಸಂಜೆಯ ಪ್ರಸಾದವಾದ ಮೇಲೆ ಇಪ್ಪತ್ತು ನಿಮಿಷ ಬಳಿಯಲ್ಲಿ ಕೂಡ್ರಿಸಿಕೊಳ್ಳತೊಡಗಿದರು. ಮೊದಲ ದಿನ ಪುಸ್ತಕವನ್ನೇ ತೆರೆಯಲಿಲ್ಲ. ಪಾಟಿಯ ಮೇಲೆ ಒಂದೊಂದು ಅಕ್ಷರ ಬರೆದು, ಇದೇನು, ಇದೇನು ಎಂದು ಕೇಳುತ್ತ ಹೋದರು. ಬಿಡಿ ಅಕ್ಷರಗಳೆಲ್ಲ ಹುಡುಗನಿಗೆ ಬರುತ್ತಿದ್ದವು. ಕಾಗುಣಿತದಲ್ಲಿ ಹ್ರಸ್ವ ದೀರ್ಘ ಕಲಸಿಹೋಗಿತ್ತು. ಕೆ ಮತ್ತು ಕೇ ಅವನಿಗೆ ಒಂದೇ. ಒತ್ತಕ್ಷರವೆಂದರೆ ಕತ್ತಲೆ. ನೋಡಿರಿ, ತಪ್ಪು ಎಲ್ಲಿದೆ ಎಂದು ಗೊತ್ತಾದದ್ದೇ ತಡ, ಅರ್ಧ ಭಾರ ಇಳಿದುಹೋಯಿತು. ‘ಇವನಿಗೆ ಓದು ಬರುವುದಿಲ್ಲ’ ಎಂಬ ದೊಡ್ಡ ಮಾತು ‘ಇವನಿಗೆ ಒತ್ತಕ್ಷರ ಬರುವುದಿಲ್ಲ’ ಎಂಬ ಸಣ್ಣ ಮಾತಾಯಿತು.

ಕನ್ನಡ ಲಿಪಿ ಬಹಳ ಪ್ರಾಮಾಣಿಕವಾದ ಲಿಪಿ. ಬರೆದಂತೆ ಓದಬಹುದು, ಓದಿದಂತೆ ಬರೆಯಬಹುದು. ಇಂಗ್ಲೀಷಿನಲ್ಲಿ ಒಂದೇ ಅಕ್ಷರ ಒಂದೊಂದು ಶಬ್ದದಲ್ಲಿ ಒಂದೊಂದು ವೇಷ ಹಾಕುತ್ತದೆ. ನಮ್ಮಲ್ಲಿ ಆ ತೊಡಕು ಇಲ್ಲ. ಆದರೆ ನಮ್ಮ ಲಿಪಿಗೆ ಅದರದೇ ಆದ ಕಷ್ಟಗಳಿವೆ. ಮೂವತ್ತನಾಲ್ಕು ವ್ಯಂಜನಗಳಿಗೆ ಒಂದೊಂದಕ್ಕೂ ಕಾಗುಣಿತದ ರೂಪಗಳು, ಅವುಗಳ ಕೆಳಗೆ ಒತ್ತುಗಳು. ಅನೇಕ ಒತ್ತುಗಳು ಮೂಲ ಅಕ್ಷರವನ್ನು ಹೋಲುತ್ತವೆ. ಆದರೆ ತ, ನ, ಮ, ಯ, ರ, ಲ ಇವುಗಳ ಒತ್ತುಗಳು ಮೂಲದಂತೆ ಕಾಣುವುದಿಲ್ಲ. ಮಗು ಎಡವುವುದು ಅಲ್ಲಿಯೇ. ಇನ್ನು ಅರ್ಕಾವತ್ತು ನೋಡಿರಿ: ‘ಸೂರ್ಯ’ ಎನ್ನುವಾಗ ಬಾಯಿಗೆ ಮೊದಲು ಬರುವುದು ರಕಾರ. ಬರೆಯುವಾಗ ಆ ಕೊಂಡಿಯನ್ನು ಯಕಾರವಾದ ಮೇಲೆ ಹಾಕುವ ರೂಢಿ ಇದೆ. ದೊಡ್ಡವರಾದ ನಮಗೆ ಇದು ಅಭ್ಯಾಸವಾಗಿ ಹೋಗಿರುವುದರಿಂದ ಮಗುವಿಗೆ ಏಕೆ ತಿಳಿಯುವುದಿಲ್ಲವೆಂದು ಸಿಟ್ಟು ಬರುತ್ತದೆ.

ಆ ಮಾಸ್ತರರು ಒಂದು ಒಳ್ಳೆಯ ಉಪಾಯ ಮಾಡಿದರು. ಹುಡುಗನಿಗೆ ಪ್ರಾರ್ಥನೆಯ ವಚನಗಳು ಬಾಯಲ್ಲಿದ್ದವು. ಅವರು ವಚನಗಳ ಅಂಕಿತದಿಂದ ಪ್ರಾರಂಭಿಸಿದರು. ‘ಕೂಡಲಸಂಗಮದೇವ’ ಎಂದು ಪಾಟಿಯ ಮೇಲೆ ಬರೆದರು. ಅದರಲ್ಲಿ ದೀರ್ಘವಿದೆ, ಸೊನ್ನೆಯಿದೆ, ಆದರೆ ಒಂದೂ ಒತ್ತಿಲ್ಲ. ಅದು ಸರಾಗವಾದ ಮೇಲೆ ‘ಚೆನ್ನಮಲ್ಲಿ’ ಎಂಬಷ್ಟನ್ನೇ ಬರೆದರು. ಅಲ್ಲಿ ನಕಾರಕ್ಕೆ ನಕಾರದ ಒತ್ತು, ಲಕಾರಕ್ಕೆ ಲಕಾರದ ಒತ್ತು. ಈ ಸಜಾತೀಯ ಒತ್ತುಗಳು ಮಗುವಿಗೆ ಹೊಸವಲ್ಲ, ಮನೆಯಲ್ಲಿಯೇ ಇವೆ: ಅಪ್ಪ, ಅವ್ವ, ಅಕ್ಕ, ಅಣ್ಣ, ಅಜ್ಜ, ತಮ್ಮ. ಬಳಗವೆಲ್ಲ ಒತ್ತಕ್ಷರದಲ್ಲಿಯೇ ಕುಳಿತಿದೆ! ಆ ಮೇಲೆ ‘ಗುಹೇಶ್ವರ’. ಇಲ್ಲಿ ಶಕಾರಕ್ಕೆ ವಕಾರದ ಒತ್ತು, ಅಂದರೆ ವಿಜಾತೀಯ. ಕಟ್ಟಕಡೆಗೆ ‘ಮಲ್ಲಿಕಾರ್ಜುನ’ದ ಅರ್ಕಾವತ್ತು. ಬಸವಣ್ಣನವರು, ಅಕ್ಕಮಹಾದೇವಿ, ಅಲ್ಲಮಪ್ರಭುಗಳು ಮೂವರೂ ಕೂಡಿ ಒಬ್ಬ ಹುಡುಗನಿಗೆ ಒತ್ತಕ್ಷರ ಕಲಿಸಿದಂತಾಯಿತು.

ಇಲ್ಲಿ ಒಂದು ಎಚ್ಚರಿಕೆ ಇರಲಿ. ಬಾಯಿಪಾಠವಿರುವುದನ್ನು ಹೇಳುವುದು ಓದಲ್ಲ. ಮಗು ಸರಸರ ವಚನ ಹೇಳಿತೆಂದು ಹಿಗ್ಗಬೇಡಿರಿ. ಶಬ್ದದ ಕೆಳಗೆ ಬೆರಳಿಟ್ಟು ಓದಿಸಿರಿ. ನಡುವಿನ ಒಂದು ಶಬ್ದ ತೋರಿಸಿ ಇದೇನೆಂದು ಕೇಳಿರಿ. ಸಾಲನ್ನು ಕೊನೆಯಿಂದ ಹಿಂದಕ್ಕೆ ಓದಿಸಿ ನೋಡಿರಿ. ಬಾಯಿಗೆ ಗೊತ್ತಿರುವುದನ್ನು ಕಣ್ಣಿಗೆ ಗುರುತು ಮಾಡಿಕೊಡುವುದೇ ಈ ಉಪಾಯದ ಗುಟ್ಟು.

ಸರ್ಕಾರದ ಶಾಲೆಗಳಲ್ಲಿಯೂ ಅಕ್ಷರ ಕಲಿಸುವ ಕ್ರಮ ಬದಲಾಗಿದೆ. ನಮ್ಮ ಅಂಕಲಿಪಿಯಲ್ಲಿ ಅ, ಆ, ಇ, ಈ ಎಂದು ಐವತ್ತು ಅಕ್ಷರ ಮುಗಿಯುವ ತನಕ ಒಂದು ಶಬ್ದವೂ ಕೈಗೆ ಸಿಗುತ್ತಿರಲಿಲ್ಲ. ರ, ಗ, ಸ, ದ, ಅ ಎಂಬ ಐದೇ ಅಕ್ಷರ ಕಲಿಸಿದರೆ ಸಾಕು; ಮಗು ಅರಸ, ಅಗಸ, ಸರ, ದರ, ಗರಗಸ ಎಂದು ಅರ್ಥವುಳ್ಳ ಶಬ್ದಗಳನ್ನೇ ಓದುತ್ತದೆ. ಮೊದಲ ವಾರದಲ್ಲಿಯೇ ‘ನನಗೆ ಓದು ಬರುತ್ತದೆ’ ಎಂಬ ಧೈರ್ಯ ಬರುತ್ತದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರು ರಿಷಿವ್ಯಾಲಿಯ ಕ್ರಮ ನೋಡಿ ಬಂದು ‘ನಲಿ ಕಲಿ’ಯನ್ನು ಪ್ರಾರಂಭಿಸಿದರು. ಪ್ರತಿ ಮಗು ತನ್ನ ಮೆಟ್ಟಿಲಿನಿಂದ ತಾನು ಮುಂದಕ್ಕೆ ಹೋಗಬೇಕು, ಪಕ್ಕದ ಮಗುವಿನ ಓಟಕ್ಕೆ ಕಟ್ಟಿಹಾಕಬಾರದು ಎಂಬುದು ಅದರ ತಿರುಳು. 2009-10ರಿಂದ ಅದು ರಾಜ್ಯದ ಎಲ್ಲೆಡೆ ಹರಡಿತು. ಮಕ್ಕಳು ನೆಲದ ಮೇಲೆ ಕುಳಿತು ಕಾರ್ಡು ಆಡುತ್ತಾರೆ, ಇದೇನು ಶಾಲೆ ಎಂದು ಕೆಲವು ಪಾಲಕರು ಮೂಗು ಮುರಿದದ್ದುಂಟು. ಮೂಗು ಮುರಿಯುವ ಮೊದಲು ಮಗುವಿನಿಂದ ಒಂದು ಸಾಲು ಓದಿಸಿ ಕೇಳಬೇಕಾಗಿತ್ತು.

ಈಗ ಧೈರ್ಯದ ಮಾತಿಗೆ ಬರೋಣ. ಅಕ್ಷರ ಬಂದರೂ ಅಂಜಿಕೆ ಹೋಗದಿದ್ದರೆ ಓದು ಬೆಳೆಯುವುದಿಲ್ಲ. ಅಂಜಿಕೆ ಎಲ್ಲಿಂದ ಬರುತ್ತದೆ? ನಗುವವರಿಂದ ಬರುತ್ತದೆ. ಮಗು ‘ಶಾಲೆ’ ಎಂಬಲ್ಲಿ ‘ಸಾಲಿ’ ಎಂದು ಓದಿತೆನ್ನಿ. ಅದು ತಪ್ಪು ಓದಲಿಲ್ಲ. ಪುಸ್ತಕದ ಮಾತನ್ನು ತನ್ನ ಅವ್ವನ ಮಾತಿಗೆ ತಿರುಗಿಸಿ ಓದಿತು. ಅಂದರೆ ಅರ್ಥ ತಿಳಿದಿದೆ ಎಂದಾಯಿತು. ಆಗ ಇಡೀ ವರ್ಗ ಘೊಳ್ಳೆಂದು ನಕ್ಕರೆ ಆ ಮಗು ನಾಳೆ ಬಾಯಿ ತೆರೆಯುವುದಿಲ್ಲ. ಮನೆಯಲ್ಲಿ ಲಂಬಾಣಿ ಆಡುವ, ಉರ್ದು ಆಡುವ ಮಕ್ಕಳ ಕಷ್ಟ ಇನ್ನೂ ಹೆಚ್ಚಿನದು. ಅವರು ಅಕ್ಷರವನ್ನೂ ಕಲಿಯಬೇಕು, ಮಾತನ್ನೂ ಕಲಿಯಬೇಕು. ನಗುವುದು ನಮ್ಮ ಧರ್ಮವಲ್ಲ.

ಅನುಭವ ಮಂಟಪವನ್ನು ಸ್ಮರಿಸಿಕೊಳ್ಳಿರಿ. ಅಲ್ಲಿ ಕೂಡಿದವರು ಯಾರು? ಬಟ್ಟೆ ಒಗೆಯುವ ಮಾಚಯ್ಯ, ಹಗ್ಗ ಹೊಸೆಯುವ ಚಂದಯ್ಯ, ಕಟ್ಟಿಗೆ ಹೊರುವ ಮಾರಯ್ಯ, ಅಕ್ಕಿ ಆಯುವ ಲಕ್ಕಮ್ಮ. ಇವರಲ್ಲಿ ಯಾರಿಗೂ ಪಂಡಿತರ ಸಭೆಯಲ್ಲಿ ಬಾಯಿ ತೆರೆಯುವ ಹಕ್ಕು ಇರಲಿಲ್ಲ. ಕಲ್ಯಾಣದಲ್ಲಿ ಅವರೆಲ್ಲ ಮಾತನಾಡಿದರು. ಪ್ರಭುದೇವರಂಥ ಮಹಾಜ್ಞಾನಿ ಶೂನ್ಯಸಿಂಹಾಸನದಲ್ಲಿ ಕುಳಿತು ಅವರ ಮಾತನ್ನು ಕೇಳಿದರು. ಗಂಡ ಅವಶ್ಯಕತೆಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ತಿರುಗಿ ಸುರಿದು ಬರುವಂತೆ ಹೇಳಿದಳೆಂಬ ಕಥೆ ನಿಮಗೆಲ್ಲ ತಿಳಿದದ್ದೇ. ಅಷ್ಟು ಧೈರ್ಯ ಬಂದದ್ದು ಕೇಳುವ ಕಿವಿಗಳಿದ್ದುದರಿಂದ. ಹೇಳುವವರ ಧೈರ್ಯದ ಅರ್ಧ ಪಾಲು ಕೇಳುವವರ ಕೈಯಲ್ಲಿದೆ. ನಿಮ್ಮ ಮನೆಯ ಮಗು ಓದುವಾಗ ನೀವು ಕುಳಿತು ಕೇಳುತ್ತೀರೋ ಅಥವಾ ಟೀವಿಯ ಕಡೆಗೆ ಒಂದು ಕಣ್ಣಿಟ್ಟು ‘ಹೂಂ, ಓದು’ ಎನ್ನುತ್ತೀರೋ?

ನಮಗೇ ಓದು ಬರುವುದಿಲ್ಲ, ಮಗುವಿನದನ್ನು ಏನು ಕೇಳೋಣ ಎಂದು ತಾಯಂದಿರು ಕೇಳುತ್ತಾರೆ. ತಾಯೀ, ಕೇಳುವುದಕ್ಕೆ ಅಕ್ಷರ ಬೇಕಿಲ್ಲ. ನೀವು ರೊಟ್ಟಿ ಬಡಿಯುವಾಗ ಒಲೆಯ ಮುಂದೆ ಮಗುವನ್ನು ಕೂಡ್ರಿಸಿಕೊಳ್ಳಿರಿ. ಒಂದು ಪುಟ ಓದಲಿ. ಆಮೇಲೆ ‘ಅದರಾಗ ಏನೈತಿ, ನನಗ ಹೇಳು’ ಎನ್ನಿರಿ. ಅರ್ಥವಾಗಿದ್ದರೆ ಹೇಳುತ್ತದೆ, ಆಗಿರದಿದ್ದರೆ ಅದೇ ಇನ್ನೊಮ್ಮೆ ಓದುತ್ತದೆ. ತಡೆತಡೆದು ಓದುವ ಮಗುವಿಗೆ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಸಾಲಿನ ಮೊದಲು ಮರೆತುಹೋಗಿರುತ್ತದೆ. ಆದ್ದರಿಂದ ಒಂದೇ ಪುಟವನ್ನು ಎರಡು ಸಲ, ಮೂರು ಸಲ ಓದುವುದು ಶಿಕ್ಷೆಯಲ್ಲ, ಅದೇ ಸಾಧನೆ. ಪುರಾಣ ಓದುವವರೂ ಸಭೆಗೆ ಬರುವ ಮೊದಲು ಪದ್ಯಗಳನ್ನು ಮನೆಯಲ್ಲಿ ನಾಲ್ಕು ಸಲ ಓದಿ ಹದ ಮಾಡಿಕೊಂಡೇ ಬರುತ್ತಾರೆ. ಬೇಕಾದರೆ ಕೇಳಿ ನೋಡಿರಿ. ಅವರಿಗೆ ಅಭ್ಯಾಸ ಬೇಕು, ಮಗುವಿಗೆ ಮಾತ್ರ ಒಂದೇ ಸಲಕ್ಕೆ ಬರಬೇಕು. ಇದು ಯಾವ ನ್ಯಾಯ?

ಮಗು ತಪ್ಪಿದೊಡನೆ ಬಾಯಿಗೆ ಬಾಯಿ ಹಾಕಬೇಡಿರಿ. ಒಂದು ಉಸಿರು ತಾಳಿರಿ. ಬಹಳ ಸಲ ತಾನೇ ತಿದ್ದಿಕೊಳ್ಳುತ್ತದೆ. ತಾನೇ ತಿದ್ದಿಕೊಂಡದ್ದು ಮರೆಯುವುದಿಲ್ಲ. ಇನ್ನು ಪುಸ್ತಕದ ಆಯ್ಕೆ. ಏಳನೆಯ ಇಯತ್ತೆಯವನಿಗೆ ಏಳನೆಯ ಇಯತ್ತೆಯದೇ ಓದಿಸಬೇಕೆಂಬ ಹಟ ಬೇಡ. ಆ ಹುಡುಗನಿಗೆ ನಮ್ಮ ಮಾಸ್ತರರು ಎರಡನೆಯ ಇಯತ್ತೆಯ ಪುಸ್ತಕ ಕೊಟ್ಟರು. ಉಳಿದ ಹುಡುಗರು ನೋಡಿ ನಗಬಾರದೆಂದು ಅದಕ್ಕೆ ತಾವೇ ದಪ್ಪ ಕಾಗದದ ಹೊದಿಕೆ ಹಾಕಿಕೊಟ್ಟರು. ಎಷ್ಟು ಸಣ್ಣ ಕೆಲಸ! ಆದರೆ ಒಂದು ಮಗುವಿನ ಮಾನ ಕಾಯ್ದ ಕೆಲಸ. ಶ್ರಾವಣದಲ್ಲಿ ಆರಂಭಿಸಿದವನು ಸಂಕ್ರಮಣದ ಹೊತ್ತಿಗೆ ಐದನೆಯ ಇಯತ್ತೆಯ ಪುಸ್ತಕಕ್ಕೆ ಬಂದಿದ್ದ. ಆ ಮೇಲೆ ಪ್ರಸಾದ ನಿಲಯದ ಒಂದನೆಯ ಇಯತ್ತೆಯ ಇಬ್ಬರು ಚಿಕ್ಕ ಮಕ್ಕಳನ್ನು ಅವನ ವಶಕ್ಕೆ ಕೊಟ್ಟರು, ನೀನು ಇವರಿಗೆ ಕಥೆ ಓದಿ ಹೇಳು ಎಂದರು. ಆ ಚಿಕ್ಕವರ ಕಣ್ಣಿಗೆ ಅವನೇ ಪಂಡಿತ. ಔಷಧ ಕೆಲಸ ಮಾಡಿದ್ದು ಅಲ್ಲಿ. ಅವನ ತಂದೆ ಅದೇ ಉತಾರವನ್ನು ಮತ್ತೊಮ್ಮೆ ತಂದಾಗ ಹುಡುಗ ಅದನ್ನು ಪೂರ್ತಿ ಓದಿ ಹೇಳಿದ. ತಂದೆ ಕಾಗದವನ್ನು ನೋಡಲಿಲ್ಲ, ಮಗನನ್ನೇ ನೋಡುತ್ತ ಕುಳಿತಿದ್ದ.

ಕೆಲವು ಭಕ್ತರು ನಮ್ಮೊಡನೆ ವಾದ ಮಾಡುತ್ತಾರೆ: ಶರಣರು ಪುಸ್ತಕಪಾಂಡಿತ್ಯವನ್ನು ಹಳಿದಿದ್ದಾರಲ್ಲ, ಅನುಭಾವ ಮುಖ್ಯವಲ್ಲವೇ, ಓದಿಗೇಕೆ ಇಷ್ಟು ಒತ್ತು ಎಂದು. ಶರಣರು ಹಳಿದದ್ದು ಓದಿ ಅಹಂಕಾರ ಪಟ್ಟವರನ್ನು, ಓದಿದ್ದನ್ನು ನಡೆಯಲ್ಲಿ ತರದವರನ್ನು. ಓದನ್ನೇ ಅಲ್ಲ. ಅವರ ಮಾತು ನಮಗೆ ಸಿಕ್ಕದ್ದಾದರೂ ಹೇಗೆ? ಓಲೆಗರಿಯ ಮೇಲೆ ಯಾರೋ ಬರೆದಿಟ್ಟರು, ಯಾರೋ ಓದಿದರು. ಎಷ್ಟೋ ಮನೆಗಳಲ್ಲಿ ಆ ಕಟ್ಟುಗಳನ್ನು ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿ ಪೂಜಿಸುತ್ತಿದ್ದರು. ಬಿಚ್ಚಿ ಓದುವವರು ಇರಲಿಲ್ಲ. ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಆ ಕಟ್ಟುಗಳನ್ನು ಹುಡುಕಿ, ಓದಿ, ಪ್ರತಿ ಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಹೊರಡಿಸಿದರು. ಹಳೆಯ ಓಲೆಯಲ್ಲಿ ಶಬ್ದಕ್ಕೂ ಶಬ್ದಕ್ಕೂ ನಡುವೆ ಜಾಗ ಬಿಡುವ ಪದ್ಧತಿಯೇ ಇರಲಿಲ್ಲ. ಎಲ್ಲಿ ಶಬ್ದ ಮುಗಿಯಿತೆಂಬುದನ್ನು ಓದುವವನೇ ಊಹಿಸಬೇಕು. ಹಾಗೆ ತಡವರಿಸಿ ತಡವರಿಸಿ ಓದಿದ ಓದಿನ ಫಲವನ್ನು ನಾವು ಇಂದು ಉಣ್ಣುತ್ತಿದ್ದೇವೆ. ತಡವರಿಸುವ ಮಗುವನ್ನು ಕಂಡಾಗ ಇದು ನೆನಪಿಗೆ ಬರಲಿ.

ಇಂಗ್ಲೀಷ್ ಶಾಲೆಯ ಮಾತು ಎತ್ತದಿದ್ದರೆ ನೀವು ಬಿಡುವುದಿಲ್ಲ. ಇಂಗ್ಲೀಷ್ ಬೇಡವೆಂದು ನಾವು ಹೇಳುವವರಲ್ಲ. ಆದರೆ ತಿಳಿಯುವ ಮಾತಿನಲ್ಲಿ ಓದು ಕಲಿತ ಮಗು ಆ ಓದಿನ ಹದವನ್ನು ಇನ್ನೊಂದು ಭಾಷೆಗೂ ಒಯ್ಯುತ್ತದೆ. ತಿಳಿಯದ ಮಾತಿನಲ್ಲಿ ಅಕ್ಷರ ಕೂಗಿದ ಮಗುವಿಗೆ ಎರಡೂ ದಕ್ಕುವುದಿಲ್ಲ. ಹಿಂದೆ ಮುಂಬಯಿ ಆಧಿಪತ್ಯದಲ್ಲಿ ಈ ಭಾಗದ ಕನ್ನಡ ಮಕ್ಕಳು ಮರಾಠಿ ಶಾಲೆಯಲ್ಲಿ ಕೂಡಬೇಕಾಗಿತ್ತು. ಡೆಪ್ಯುಟಿ ಚನ್ನಬಸಪ್ಪನವರು ಶಿಕ್ಷಣ ಇಲಾಖೆಯಲ್ಲಿದ್ದುಕೊಂಡು ಕನ್ನಡ ಶಾಲೆಗಳಿಗಾಗಿ ದುಡಿದರು. ಅವರು 1881ರಲ್ಲಿ ತೀರಿಕೊಂಡರು. ಅವರು ಗಳಿಸಿಕೊಟ್ಟದ್ದನ್ನು ನಾವು ಫೀ ತುಂಬಿ ಕಳೆದುಕೊಳ್ಳುತ್ತಿದ್ದೇವೆ ಎಂದು ಒಮ್ಮೊಮ್ಮೆ ನಮಗೆ ಅನಿಸುವುದುಂಟು. ಇರಲಿ.

ಮಧ್ಯಾಹ್ನ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಕೊಡುವ ಯೋಜನೆಯನ್ನು ಸರ್ಕಾರ 2002ರಲ್ಲಿ ಮೊದಲು ಕಲಬುರ್ಗಿ ಕಡೆಯ ಏಳು ಜಿಲ್ಲೆಗಳಲ್ಲಿ ತಂದು ಅದಕ್ಕೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟಿತು. ಶರಣರ ಮಾತು ಸರ್ಕಾರದ ಕಾಗದದಲ್ಲಿ ಬಂದದ್ದು ನಮಗೆ ಹೆಮ್ಮೆ. ಅನ್ನದ ದಾಸೋಹ ಅಲ್ಲಿ ನಡೆದಿದೆ. ಅಕ್ಷರದ ದಾಸೋಹ ಮಾತ್ರ ಮನೆಮನೆಯಲ್ಲಿ ನಡೆಯಬೇಕಾದದ್ದು. ಗ್ರಾಮ ಪಂಚಾಯತಿಯ ಗ್ರಂಥಾಲಯಗಳಲ್ಲಿ 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಹಾಕಿಕೊಂಡು ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ಆ ಗ್ರಂಥಾಲಯಗಳನ್ನು ಈಗ ‘ಅರಿವು ಕೇಂದ್ರ’ ಎಂದು ಕರೆಯುತ್ತಾರೆ. ಅರಿವು ಎಂಬ ಶಬ್ದಕ್ಕೆ ನಮ್ಮಲ್ಲಿ ಎಷ್ಟು ಬೆಲೆಯೆಂದು ಬಿಡಿಸಿ ಹೇಳಬೇಕಿಲ್ಲ. ಅರಿವೇ ಗುರುವೆಂದು ನಂಬಿದವರ ಮಕ್ಕಳು ಅರಿವು ಕೇಂದ್ರದ ಹೊಸ್ತಿಲು ತುಳಿಯದಿದ್ದರೆ ಹೇಗೆ? ಈ ವಾರ ನಿಮ್ಮ ಮಗುವನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಹೆಸರು ಹಚ್ಚಿಸಿರಿ. ಪುಸ್ತಕವನ್ನು ಮಗುವೇ ಆರಿಸಲಿ. ಚಿತ್ರದ್ದು ಆರಿಸಿದರೂ ಬೈಯಬೇಡಿರಿ.

ಮಠದಿಂದಲೂ ಒಂದು ವ್ಯವಸ್ಥೆ ಮಾಡಿದ್ದೇವೆ. ಪುರಾಣ ಮಂಗಲವಾದ ಮರುದಿನದಿಂದ ಪ್ರತಿ ಸೋಮವಾರ ಮತ್ತು ಗುರುವಾರ ಸಂಜೆ ಆರು ಗಂಟೆಗೆ ಮೂಡಣ ಪಡಸಾಲೆಯಲ್ಲಿ ಮಕ್ಕಳು ಓದಲು ಕೂಡುತ್ತಾರೆ. ಕಾಲೇಜು ಕಲಿಯುವ ನಮ್ಮ ನಿಲಯದ ಹುಡುಗರು, ಹುಡುಗಿಯರಿಗಾಗಿ ಊರಿನ ಇಬ್ಬರು ಅಕ್ಕೋರು, ಒಬ್ಬೊಬ್ಬರು ಇಬ್ಬಿಬ್ಬರು ಮಕ್ಕಳ ಪಕ್ಕದಲ್ಲಿ ಕೂಡ್ರುವರು. ಜಾತಿ, ಮತ ಯಾವುದನ್ನೂ ಕೇಳುವುದಿಲ್ಲ. ಕರೆತರುವಾಗ ‘ನಿನಗ ಬರೂದಿಲ್ಲ, ಅದಕ್ಕ ಹೋಗು’ ಎಂದು ಹೇಳಿ ಕಳಿಸಬೇಡಿರಿ. ‘ಮಠದಾಗ ಕಥಿ ಓದ್ತಾರಂತ’ ಎಂದರೆ ಸಾಕು. ಎಲ್ಲ ಪುಸ್ತಕಗಳಿಗೂ ಒಂದೇ ಬಣ್ಣದ ಹೊದಿಕೆ ಹಾಕಿಸಿ ಇಟ್ಟಿದ್ದೇವೆ. ಯಾರು ಎಷ್ಟನೆಯ ಇಯತ್ತೆಯದು ಓದುತ್ತಿದ್ದಾರೆಂಬುದು ಪಕ್ಕದಲ್ಲಿ ಕುಳಿತವರಿಗೆ ಹೊರತು ಬೇರೆಯವರಿಗೆ ತಿಳಿಯದು.

ಮಂಗಲದ ದಿನ ಪುರಾಣದ ಮೊದಲಿನ ಐದು ಪದ್ಯಗಳನ್ನು ಐವರು ಮಕ್ಕಳು ಈ ಸಭೆಯಲ್ಲಿ ನಿಂತು ಓದಲಿದ್ದಾರೆ. ಅವರು ಈಗಾಗಲೇ ಅಭ್ಯಾಸಕ್ಕೆ ಕುಳಿತಿದ್ದಾರೆ. ಹೆಸರು ಈಗ ಹೇಳುವುದಿಲ್ಲ. ಓದುವಾಗ ಎಲ್ಲಿಯಾದರೂ ನಿಂತರೆ ಯಾರೂ ಕೆಳಗಿನಿಂದ ಮುಂದಿನ ಶಬ್ದ ಕೂಗಬೇಡಿರಿ, ಚಪ್ಪಾಳೆಯನ್ನೂ ನಡುವೆ ಹೊಡೆಯಬೇಡಿರಿ. ಸುಮ್ಮನೆ ಕುಳಿತು ಕಾಯಿರಿ. ಇನ್ನು ಶಾಸ್ತ್ರಿಗಳು ನಿನ್ನೆ ನಿಲ್ಲಿಸಿದ ಪದ್ಯದಿಂದ ಮುಂದುವರಿಸುತ್ತಾರೆ.